ಎಂಟನೆಯ ನರ

ಖಟಕ್-ಖಟ್, ಖಟಕ್-ಖಟ್... ಆಮೇಲೆ ಒಂದು ಸಣ್ಣ ತಡೆ, ಕಡಿದ ಎಳೆಗೆ ಗಂಟು ಹಾಕುವಷ್ಟು ಹೊತ್ತು. ಮತ್ತೆ ಖಟಕ್-ಖಟ್. ಬೆಟಗೇರಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ಇದ್ದದ್ದು ಒಂದೇ ಗೋಡೆ. ಗೋಡೆಯ ಆಚೆ ಮಗ್ಗ, ಈಚೆ ನನ್ನ ಓದುವ ಮೇಜು. ಹದಿನೆಂಟು ವರ್ಷ ಆ ಸದ್ದಿನಲ್ಲೇ ನಾನು ಓದಿದ್ದು, ಉಂಡದ್ದು, ಜ್ವರ ಬಂದಾಗ ಮಲಗಿದ್ದು.

ಹೋದ ತಿಂಗಳು ಹುಬ್ಬಳ್ಳಿಗೆ ಕಿವಿ ಪರೀಕ್ಷೆಗೆಂದು ಹೋಗಿದ್ದೆ. ವಯಸ್ಸಾಯಿತಲ್ಲ, ಟೆಲಿಫೋನಿನಲ್ಲಿ ಮಾತು ನೆಟ್ಟಗೆ ಕೇಳುವುದಿಲ್ಲ. ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಸೌಂಡ್ ಕೇಳ್ಸಿದ ಕೂಡ್ಲೇ ಬಟನ್ ಒತ್ರಿ ಮ್ಯಾಡಮ್" ಎಂದು ಹುಡುಗಿ ಬಾಗಿಲು ಹಾಕಿಕೊಂಡು ಹೋದಳು. ಅಂಥ ನಿಶ್ಶಬ್ದ ನನಗೆ ಗೊತ್ತಿರಲಿಲ್ಲ. ಅದರೊಳಗಿಂದ ಈ ಖಟಕ್-ಖಟ್ ಬಂತು. ನಾನು ಬಟನ್ ಒತ್ತಿದೆ. ಮತ್ತೆ ಒತ್ತಿದೆ. ಹುಡುಗಿ ಬಾಗಿಲು ತೆರೆದು, "ನಾ ಇನ್ನೂ ಚಾಲೂನ ಮಾಡಿಲ್ರಿ" ಎಂದಳು. ಸಾರಿ, ಎಂದೆ.

ಮಗ್ಗದವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ರಕ್ತಸಂಬಂಧ ಏನೂ ಇಲ್ಲ; ನಮ್ಮಪ್ಪ ಕೋರ್ಟಿನಲ್ಲಿ ಕಾರಕೂನ, ಅವರು ನೇಕಾರರು. ಬಿಳಿ ಸಾಕ್ಸ್ ಏರಿಸಿಕೊಂಡು ನಾನು ಕಾನ್ವೆಂಟಿಗೆ ಹೊರಟರೆ ಕಾಕಾ ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ "ಗುಡ್ ಮಾರ್ನಿಂಗ್ ಬಾಯಾರ" ಎಂದು, ಟೀಚರನ್ನು ಕರೆದ ಹಾಗೆ, ಕೂಗುವರು. ನಾನು ಸಿಸ್ಟರ್ ಕಲಿಸಿದ ಹಾಗೆ ನಿಂತು, ಬಗ್ಗಿ, ಗುಡ್ ಮಾರ್ನಿಂಗ್ ಹೇಳಿಯೇ ಮುಂದೆ ಹೋಗಬೇಕು. ಇಲ್ಲದಿದ್ದರೆ ಸಂಜೆ ನಮ್ಮವ್ವನ ಹತ್ತಿರ ಫಿರ್ಯಾದು.

ಕಾಕಾನ ಎಡಗಲ್ಲ ಓಣಿಗೆಲ್ಲ ಹೆಸರುವಾಸಿ. ಹಾಸಿನ ನೂಲಿಗೆ ಗಂಜಿ ಹಚ್ಚಿ ಒಣಗಹಾಕಿದ ಮೇಲೆ, ಅದು ಒಳಗಿಂದ ಆರಿದೆಯೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲವಂತೆ, ಬೆರಳೆಲ್ಲ ದಡ್ಡುಗಟ್ಟಿರುತ್ತವೆ. ಕಾಕಾ ಒಂದು ಎಳೆಯನ್ನು ಎಡಗಲ್ಲದ ಮೇಲೆ ಮೆಲ್ಲಗೆ ಎಳೆದು, ಕಣ್ಣು ಮುಚ್ಚಿ, "ಇನ್ನೂ ಹಸಿ ಐತಿ" ಎನ್ನುವರು. ಅಥವಾ "ಆತು, ಏರಿಸ್ರಿ". ಹಸಿ ನೂಲನ್ನು ಮಗ್ಗಕ್ಕೆ ಏರಿಸಿದರೆ ಎಳೆಗೆ ಎಳೆ ಅಂಟಿಕೊಂಡು ಹಾಸು ಕೆಟ್ಟಂತೆಯೇ. ಹಾಗಾಗಿ ಬೇರೆ ನೇಕಾರರೂ ಎಳೆ ಹಿಡಿದುಕೊಂಡು ಆ ಗಲ್ಲವನ್ನು ಕೇಳಲು ಬರುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಮೆಡಿಕಲ್ ಓದಲು ಹುಬ್ಬಳ್ಳಿಗೆ ಹೋದೆ. ತಲೆಬುರುಡೆಯೊಳಗಿಂದ ಹೊರಡುವ ಹನ್ನೆರಡು ಜೋಡಿ ನರಗಳು, ಕ್ರೇನಿಯಲ್ ನರ್ವ್ಸ್, ನಮ್ಮನ್ನೆಲ್ಲ ಅಳಿಸಿದ ಪಾಠ. ಯಾವುದು ಮೂಗಿಗೆ, ಯಾವುದು ಕಣ್ಣಿಗೆ, ಯಾವುದು ಎಲುಬಿನ ಯಾವ ತೂತಿನಿಂದ ಹೊರಬೀಳುತ್ತದೆ... ನೆನಪಿಗೆಂದು ಸೀನಿಯರ್‌ಗಳು ಒಂದು ಇಂಗ್ಲಿಷ್ ಪದ್ಯ ಹೇಳಿಕೊಡುತ್ತಿದ್ದರು, ನನಗೆ ಅದು ಹತ್ತಲಿಲ್ಲ. ಮೂರನೆಯ ವರ್ಷ ದೀಪಾವಳಿ ರಜೆಗೆ ಹೊರಟಾಗ, ಯಾರಾದರೂ ಆರೋಗ್ಯವಂತರನ್ನು ಕೂರಿಸಿಕೊಂಡು ಹನ್ನೆರಡನ್ನೂ ಪರೀಕ್ಷಿಸಿ ಜರ್ನಲ್‌ನಲ್ಲಿ ಬರೆದು ತನ್ನಿ ಎಂದರು ನಮ್ಮ ಸರ್. ಆರೋಗ್ಯವಂತರು ಎಂದಕೂಡಲೇ ನನ್ನ ಕಣ್ಣಿಗೆ ಬಂದವರು ಕಾಕಾ.

ಅಮಾವಾಸ್ಯೆ, ಮಗ್ಗ ನಿಲ್ಲಿಸುವ ದಿನ. ಕಾಕಾನನ್ನು ಕಟ್ಟೆಯ ಮೇಲೆ ಕೂರಿಸಿದೆ. ಮೂರು-ನಾಲ್ಕು ಮಂದಿ ನೇಕಾರರು ಮೋಜು ನೋಡಲು ಬಂದು ಕೂತರು. ಕಾಕು ಬಾಗಿಲಲ್ಲಿ.

ಮೊದಲನೆಯದು ವಾಸನೆಯ ನರ. ಕಣ್ಣು ಮುಚ್ಚಿಸಿ ಮೂಗಿಗೆ ಶೀಶೆ ಹಿಡಿದೆ.

"ಕಾಫಿ ಪುಡಿ," ಎಂದರು ಕಾಕಾ. "ವಾಸನಿ ಅಷ್ಟ ತೋರ್ಸಿ ಕಳಸ್ತೀರೇನ್ರಿ ಡಾಕ್ಟರ್ ಬಾಯಾರ, ಕುಡಸೂದಿಲ್ಲೇನು?"

ಎರಡನೆಯದು ನೋಟ, ಎದುರು ಗೋಡೆಯ ಜಾಹೀರಾತು ಓದಿಸಿದೆ. ಮೂರು, ನಾಲ್ಕು, ಆರು ಕಣ್ಣು ಹೊರಳಿಸುವವು; ನನ್ನ ಬೆರಳು ಹೋದ ಕಡೆ ಕಣ್ಣೂ ಹೋಯಿತು. ಐದನೆಯದು ಮುಖದ ಸ್ಪರ್ಶ. ಹತ್ತಿಯ ಒಂದು ಎಳೆಯನ್ನು ಬಲಗಣ್ಣಿನ ಕರಿಗುಡ್ಡೆಯ ಅಂಚಿಗೆ ತಾಗಿಸಿದೆ, ಫಟ್ಟನೆ ರೆಪ್ಪೆ ಬಡಿಯಿತು. ಎಡಗಣ್ಣಿಗೆ ತಾಗಿಸಿದೆ. ಬಡಿಯಲಿಲ್ಲ. ಇನ್ನೊಮ್ಮೆ ತಾಗಿಸಿದೆ. ಕಾಕಾ ನನ್ನನ್ನೇ ನೋಡುತ್ತ ಕೂತಿದ್ದರು.

"ಚುಚ್ಚಲಿಲ್ಲೇನ್ರಿ ಕಾಕಾ?"

"ನೇಕಾರನ ಕಣ್ಣವ್ವಾ ಇದು. ಹುಟ್ಟಿದಾಗಿಂದ ಅರಳಿ ಧೂಳ ಬಿದ್ದು ಬಿದ್ದು ಗಟ್ಟಿ ಆಗೈತಿ. ನಿನ್ನ ಹತ್ತಿಗೆ ಹೆದರ್ತೈತೇನು?"

ಕೂತವರು ನಕ್ಕರು. ನಾನೂ ನಕ್ಕೆ. ಬಲಗಣ್ಣು ಯಾಕೆ ಹೆದರಿತು ಎಂದು ಕೇಳಲಿಲ್ಲ.

ಏಳನೆಯದಕ್ಕೆ ಹಲ್ಲು ಕಿರಿಯಲು ಹೇಳಿದೆ. ಬಾಯಿ ಎರಡೂ ಕಡೆ ಸಮ ಬಂತು. ಎಂಟನೆಯದು ಕಿವಿ. ಅಪ್ಪನ ಕೈಗಡಿಯಾರ ಬಲಗಿವಿಯ ಹತ್ತಿರ ಹಿಡಿದು ಮೆಲ್ಲಗೆ ದೂರ ಒಯ್ದೆ. ಒಂದು ಗೇಣಿಗೂ ಟಿಕ್ ಟಿಕ್ ಕೇಳಿಸುತ್ತಿತ್ತು. ಎಡಗಿವಿಗೆ ಹಿಡಿದೆ. ಒತ್ತಿ ಹಿಡಿದೆ.

"ಕೀಲಿ ಕೊಟ್ಟೀಯೇನು ಅದಕ?" ಎಂದರು ಕಾಕಾ.

"ಅದು ಮಗ್ಗದ ಕಿವಿ ಬಿಡವ್ವಾ," ಎಂದ ಪಕ್ಕದಲ್ಲಿ ಕೂತಿದ್ದ ನೇಕಾರ. "ನಮ್ಮೆಲ್ಲಾರ್ದೂ ಹಂಗ ಆಗೈತಿ."

"ನಾ ಬೈಯೂದೆಲ್ಲಾ ಆ ಕಿವ್ಯಾಗ ಹಾಕ್ಕೋತಾರ," ಎಂದರು ಕಾಕು. "ಅದಕ ಆರಾಮ ಅದಾರ."

ಉಳಿದ ನಾಲ್ಕಕ್ಕೆ 'ಆ' ಎನ್ನಿಸಿದೆ, ನೀರು ನುಂಗಿಸಿದೆ, ಭುಜ ಎತ್ತಿಸಿದೆ, ನಾಲಿಗೆ ಚಾಚಿಸಿದೆ. ಎಲ್ಲ ನೆಟ್ಟಗಿತ್ತು. ನನಗೆ ಬೇಕಾಗಿದ್ದದ್ದು ನಾರ್ಮಲ್ ಕೇಸು. ಇನ್ನೊಬ್ಬರನ್ನು ಹುಡುಕಿ ಮೊದಲಿನಿಂದ ಮಾಡಲು ಬೇಸರ. ಹನ್ನೆರಡು ನರಗಳ ಮುಂದೆ ಹನ್ನೆರಡು ಸಲ, ನನ್ನ ಚೆಂದದ ಕಾನ್ವೆಂಟ್ ಅಕ್ಷರದಲ್ಲಿ ಎನ್.ಎ.ಡಿ. ಎಂದು ಬರೆದೆ. ನಥಿಂಗ್ ಅಬ್ನಾರ್ಮಲ್ ಡಿಟೆಕ್ಟೆಡ್. ಅದರಲ್ಲಿ ಸುಳ್ಳು ಎರಡೇ: ಐದು ಮತ್ತು ಎಂಟು.

ಫೈನಲ್ ಇಯರ್‌ನಲ್ಲಿ ಒಂದು ಮಧ್ಯಾಹ್ನದ ಲೆಕ್ಚರ್. ನಿದ್ದೆ ಹತ್ತುವ ಹೊತ್ತು. ಎಂಟನೆಯ ನರದ ಮೇಲೆ ಬೆಳೆಯುವ ಗಡ್ಡೆಯ ಬಗ್ಗೆ ಸರ್ ಹೇಳುತ್ತಿದ್ದರು. ಕ್ಯಾನ್ಸರ್ ಅಲ್ಲ, ಬಹಳ ಸಾವಕಾಶ ಬೆಳೆಯುತ್ತದೆ. ಮೊದಲು ಒಂದೇ ಕಿವಿ ಮಂದವಾಗುತ್ತದೆ, ನೋವಿಲ್ಲ, ಯಾರೂ ಲಕ್ಷ್ಯ ಕೊಡುವುದಿಲ್ಲ. ಆಮೇಲೆ ಪಕ್ಕದ ಐದನೆಯ ನರವನ್ನು ಒತ್ತುತ್ತದೆ, ಆ ಕಡೆಯ ಕಣ್ಣಿಗೆ ಹತ್ತಿ ತಾಗಿಸಿದರೆ ರೆಪ್ಪೆ ಬಡಿಯುವುದಿಲ್ಲ... ನನ್ನ ಪೆನ್ನು ಅಲ್ಲೇ ನಿಂತಿತು. ಮಗ್ಗದ ಸದ್ದು ಎರಡೂ ಕಿವಿಗೆ ಬಡಿಯುತ್ತದೆ. ಒಂದನ್ನೇ ಆರಿಸಿಕೊಂಡು ಕೆಡಿಸುವುದಿಲ್ಲ. ಓಣಿಯ ನೇಕಾರರೆಲ್ಲ ಎರಡೂ ಕಿವಿ ಮಂದವಾಗಿ ಕೂಗಿ ಮಾತಾಡುವವರು. ಕಾಕಾನದು ಮಾತ್ರ ಒಂದು.

ಶನಿವಾರದ ಬಸ್ಸು ಹಿಡಿದು ಊರಿಗೆ ಬಂದೆ. ಗೋಡೆಯಾಚೆ ಸದ್ದಿರಲಿಲ್ಲ.

ಕಾಕಾ ಗೋಡೆಗೆ ಒರಗಿ ಕೂತಿದ್ದರು. ಮುಖದ ಎಡಭಾಗ ಜೋತುಬಿದ್ದಿತ್ತು: ಏಳು. ನಡೆದರೆ ವಾಲುತ್ತಾರೆ, ಕುಡಿಯುತ್ತಾರೆಂದು ಓಣಿಯಲ್ಲಿ ಗುಲ್ಲಾಗಿದೆ, ಎಂದು ಕಾಕು ಅತ್ತರು. ಅವರು ಎಂದೂ ಕುಡಿದವರಲ್ಲ. ಲಕ್ವಾ ಎಂದುಕೊಂಡು ಮುಂಡರಗಿಯ ಕಡೆ ಯಾರೋ ಕೊಡುವ ಎಣ್ಣೆ ತಂದು ಮೂರು ತಿಂಗಳಿಂದ ತಿಕ್ಕುತ್ತಿದ್ದರು.

"ಗಂಜಿ ಆರೇತಿ ಅಂತ ಹೇಳಿ ಎರಡು ಹಾಸು ಕೆಡಿಸಿದ್ರವ್ವಾ," ಎಂದರು ಕಾಕು. "ಈಗ ಯಾರೂ ಕೇಳಾಕ ಬರಂಗಿಲ್ಲ."

"ಈ ಗಲ್ಲ ಸುಳ್ಳು ಹೇಳಾಕ ಹತ್ತೈತಿ ತಂಗಿ," ಎಂದರು ಕಾಕಾ. ಹೇಳಿ ನೀರು ಕುಡಿದು ಕೆಮ್ಮಿದರು. ದನಿ ಒಡೆದಿತ್ತು. ನಾನು ಮನಸ್ಸಿನಲ್ಲೇ ಒಂಬತ್ತು, ಹತ್ತು ಎಂದೆ. ಕಲಿತ ವಿದ್ಯೆ ಆಗ ಬಂದದ್ದು ಅಷ್ಟಕ್ಕೇ.

ಹುಬ್ಬಳ್ಳಿಗೆ ಕರೆದೊಯ್ದೆ. ಎಕ್ಸ್‌ರೇಯಲ್ಲಿ ಎಡಗಿವಿಯ ನರ ಹಾದುಬರುವ ಎಲುಬಿನ ದಾರಿ ಬಲಗಡೆಗಿಂತ ಎಷ್ಟೋ ಅಗಲವಾಗಿತ್ತು. ಸರ್ಜನ್ ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ದೂರದ ದೊಡ್ಡ ಆಸ್ಪತ್ರೆಯಲ್ಲಿ ತಲೆ ತೆರೆದು ತೆಗೆಯಬಹುದು, ಆದರೆ ಇಷ್ಟು ದೊಡ್ಡದಾದ ಮೇಲೆ ಟೇಬಲ್ ಮೇಲೇ ಹೋಗುವವರು ಬಹಳ ಎಂದರು.

"ತೆಗದ್ರ ಕಿವಿ ಬರ್ತೈತೇನ್ರಿ?" ಎಂದು ಕಾಕಾ ಕೇಳಿದರು.

"ಇಲ್ಲ."

"ಮಾರಿ ನೆಟ್ಟಗ ಆಗ್ತೈತ್ರಿ?"

"ಇಲ್ಲ. ಇನ್ನೂ ಸೊಟ್ಟ ಆಗಬಹುದು."

"ಮತ್ತ ತೆಗದು ಏನ್ ಮಾಡೂದ್ರಿ?"

ಸರ್ಜನ್ ನನ್ನ ಮುಖ ನೋಡಿದರು. ನಾನು ಎಷ್ಟೋ ಹೇಳಿದೆ, ಕಾಕಾ ಒಪ್ಪಲಿಲ್ಲ. ಹೊರಡುವಾಗ ಸರ್ಜನ್ ನನ್ನೊಬ್ಬಳಿಗೇ, ಇಂಗ್ಲಿಷಿನಲ್ಲಿ, ಕಿವಿಯೊಂದೇ ಹೋಗಿದ್ದಾಗ ಬಂದಿದ್ದರೆ ನಾನೇ ಒತ್ತಾಯ ಮಾಡಿ ಕಳಿಸುತ್ತಿದ್ದೆ ಎಂದರು. ಕಾಕುಗೆ ಮಾತು ತಿಳಿಯಲಿಲ್ಲ, ಧಾಟಿ ತಿಳಿಯಿತು. ವರಾಂಡದಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ಅಮಾಸಿ ದಿನ ಕಟ್ಟಿ ಮ್ಯಾಲೆ ಎಲ್ಲಾ ನೋಡಿದ್ಯಲ್ಲವ್ವಾ. ಆಗ ನಿನಗ ಏನೂ ಗೊತ್ತಾಗಲಿಲ್ಲೇನು?"

"ಆಗ ನಾ ಇನ್ನೂ ಕಲಿಯಾಕ ಹತ್ತಿದ್ದೆ, ಕಾಕು."

ಅದು ಪೂರ್ತಿ ಸುಳ್ಳಲ್ಲ. ಅದಕ್ಕೇ ಇನ್ನೂ ಕೆಟ್ಟದ್ದು.

ಆಮೇಲೆ ನಲವತ್ತು ವರ್ಷ ನಾನು ಡಾಕ್ಟರಿಕೆ ಮಾಡಿದೆ. ಒಂದೇ ಕಿವಿ ಮಂದ ಎಂದು ಬಂದವರನ್ನು ಒಬ್ಬರನ್ನೂ ಬಿಡದೆ ಮುಂದಿನ ಪರೀಕ್ಷೆಗೆ ಅಟ್ಟಿದೆ. ಬಹಳ ಮಂದಿಗೆ ಇದ್ದದ್ದು ಬರೀ ಕಿವಿಯ ಗುಗ್ಗೆ. ಈ ಡಾಕ್ಟರ್ ಬಾಯಾರಿಗೆ ಅರಳು-ಮರಳು ಎಂದು ಬೈದುಕೊಂಡು ಹೋದರು. ಬೈಯಲಿ. ಅದರಿಂದ ಕಾಕಾನಿಗೆ ಏನೂ ಆಗಲಿಲ್ಲ. ಕಾಕು ಕೂಡ ಹೋಗಿ ಎಷ್ಟೋ ವರ್ಷವಾಯಿತು. ಈಗ ನಿಜ ಹೇಳುತ್ತೇನೆಂದರೂ ಕೇಳುವವರಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊನೆಗೆ ಕಾಕಾನನ್ನು ನೋಡಿದ್ದು ಶಿಗ್ಲಿಯಲ್ಲಿ, ಕಾಕುನ ತವರುಮನೆಯಲ್ಲಿ. ಮಗ್ಗ ನಿಂತ ಮೇಲೆ ಅಲ್ಲಿಗೇ ಹೋಗಿದ್ದರು. ನನ್ನ ಇಂಟರ್ನ್‌ಶಿಪ್‌ನ ಕೊನೆಯ ದಿನಗಳು, ಎಂಬತ್ತರ ಆಸುಪಾಸು. ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸುವಾಗಲೇ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಕಾಕಾ, ನನಗೆ ಆವತ್ತೇ ಕಾಣಿಸಿತ್ತು, ನಾನು ಬರೆಯಲಿಲ್ಲ. ಇಷ್ಟೇ ಮಾತು.

ಗಡ್ಡೆಯ ಒತ್ತಡಕ್ಕೆ ಕಾಕಾನ ಕಣ್ಣು ಹೆಚ್ಚುಕಡಿಮೆ ಹೋಗಿದ್ದವು. ಕಾಕು ಅಂಬಲಿಯನ್ನು ಚಮಚದಿಂದ ಹಾಕುತ್ತಿದ್ದರು, ಅರ್ಧ ಹೊರಗೇ ಬರುತ್ತಿತ್ತು. ಬಲಗಡೆ ಕೂತು ಹೆಸರು ಹೇಳಿದೆ. ಕಾಕಾ ನನ್ನ ಮುಂಗೈ ಹಿಡಿದುಕೊಂಡರು. ಬಾಗಿಲಲ್ಲಿ ಕಾಕುನ ಅಣ್ಣ ನಿಂತಿದ್ದರು. ಅವರಿಗೆ ಕಾಕಾ, ಗೊಗ್ಗರು ದನಿಯಲ್ಲಿ, ಒಂದೊಂದೇ ಶಬ್ದ ತಡೆದು ತಡೆದು ಹೇಳಿದರು:

"ಇಕಿ ಡಾಕ್ಟರ್... ನನ್ನ ಮಾರಿ ಮ್ಯಾಲೆ ಕಲ್ತಾಳ."

ಹೇಳಬೇಕೆಂದು ಬಂದದ್ದನ್ನು ನಾನು ಹೇಳಲಿಲ್ಲ. ಬಸ್ಸಿನ ಹೊತ್ತಾಯಿತು ಎಂದೆ. ಬೇಡವೆಂದರೂ ಕಾಕಾ ಕಾಕುನ ಹೆಗಲು ಹಿಡಿದು ಹೊಸ್ತಿಲ ತನಕ ಬಂದರು. ನಾನು ರಸ್ತೆ ದಾಟಿ ಆಚೆ ನಿಂತು, "ಬರ್ತೀನ್ರಿ ಕಾಕಾ" ಎಂದು ಕೂಗಿದೆ. ಒಂದೇ ಕಿವಿ ಇದ್ದವರಿಗೆ ದನಿ ಕೇಳಿಸುತ್ತದೆ, ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಕಾಕಾ ಬಲಕ್ಕೆ ತಿರುಗಿ, ಯಾರೂ ಇಲ್ಲದ ಕಡೆಗೆ ಕೈ ಎತ್ತಿದರು. ಕಾಕು ಅವರನ್ನು ನನ್ನ ಕಡೆ ತಿರುಗಿಸುವಷ್ಟರಲ್ಲಿ ಬಸ್ಸು ನಡುವೆ ಬಂದು ನಿಂತಿತು.