ಖಾಸಿಂ ಸಾಬರ ಎಡಹೆಗಲ ನೋವು

೧೯೪೯ರ ಬೇಸಿಗೆ. ಕುರುಗೋಡಿನಲ್ಲಿ ನಾನು ದವಾಖಾನೆ ತೆರೆದು ಆರು ತಿಂಗಳಾಗಿತ್ತು. ಮದ್ರಾಸಿನ ಡಿಗ್ರಿ, ಇಪ್ಪತ್ತಾರರ ವಯಸ್ಸು. ಕೊಂಬು ಬಂದಿತ್ತು ಅನ್ನಿ.

ಒಂದು ಬೆಳಿಗ್ಗೆ ಸಿರುಗುಪ್ಪದಿಂದ ಬರುತ್ತಿದ್ದ ಬಸ್ಸು ಸಿರಿಗೇರಿ ದಾಟಿದ ಮೇಲೆ, ತಿರುವಿನಲ್ಲಿ ನಿಂತಿದ್ದ ಎತ್ತಿನ ಬಂಡಿ ತಪ್ಪಿಸಲು ಹೋಗಿ ಬೇವಿನ ಮರಕ್ಕೆ ಗುದ್ದಿತು. ಗಾಯಗೊಂಡ ಹನ್ನೊಂದು ಜನರನ್ನು ಬಂಡಿಗಳಲ್ಲಿ ನನ್ನ ಬಾಗಿಲಿಗೆ ತಂದರು. ಹಣೆ ಒಡೆದವರು, ಕೈ ಮುರಿದವರು, ಕೂಗಾಟವೋ ಕೂಗಾಟ. ಅವರನ್ನೆಲ್ಲ ಇಳಿಸಿ, ನೀರು ಕೊಡುತ್ತ ಓಡಾಡುತ್ತಿದ್ದವರು ಡ್ರೈವರ್ ಖಾಸಿಂ ಸಾಬ್. ಐವತ್ತರ ಆಸುಪಾಸಿನ ಗಟ್ಟಿ ಆಳು, ಮೈಮೇಲೆ ಒಂದು ಗೀರಿಲ್ಲ.

"ಎಡಹೆಗಲು ಹಿಡದೈತ್ರಿ, ಅಷ್ಟ. ಮೊದ್ಲ ನನ್ನ ಪ್ಯಾಸೆಂಜರ್ ನೋಡ್ರಿ," ಎಂದರು. ಹೆಗಲಿಗೆ ಮುಲಾಮು ಕೊಟ್ಟು ಸುಮ್ಮನಾದೆ. ಎಂಥ ದಡ್ಡ ನಾನು!

ಎರಡು ತಾಸಿನ ಮೇಲೆ ಅವರು ಬೆಂಚಿನ ಮೇಲೆ ಕುಸಿದರು. ನಾಡಿ ನೂರ ಮೂವತ್ತೆರಡು, ಮೈ ತಣ್ಣಗೆ, ಹೊಟ್ಟೆ ಹಲಗೆಯಂತೆ ಬಿಗಿ. ಆಗ ಹೊಳೆಯಿತು. ಎಡಪಕ್ಕೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಒಡೆದರೆ ನೋವು ಹೆಗಲಲ್ಲಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದಿದ್ದೆ.

ಆಪರೇಷನ್ನಿಗೆ ಬಳ್ಳಾರಿಗೇ ಹೋಗಬೇಕು. ಊರ ಸಾಹುಕಾರರ ಕಾರಿತ್ತು; ಅದನ್ನು ಓಡಿಸುವವನು ಊರಲ್ಲಿರಲಿಲ್ಲ. "ನಾನ ಓಡಸ್ತೀನ್ರಿ," ಎಂದು ಖಾಸಿಂ ಸಾಬ್ ಏಳಹೋದರು.

"ಏಳಬ್ಯಾಡ್ರಿ ಮಾರಾಯ್ರ!" ಎಂದು ಗದರಿಸಿ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಮದ್ರಾಸಿನಲ್ಲಿ ಗೆಳೆಯನ ಕಾರನ್ನು ನಾಲ್ಕು ದಿನ ಓಡಿಸಿದ್ದಷ್ಟೇ ನನ್ನ ವಿದ್ಯೆ. ಗೇರ್ ಕರಕರ ಅಂದಾಗಲೆಲ್ಲ ಹಿಂದಿನಿಂದ, "ಕ್ಲಚ್ ಪೂರಾ ತುಳೀರಿ ಡಾಕ್ಟ್ರ," ಎಂಬ ದನಿ. ದನಿ ಇರುವಷ್ಟು ಹೊತ್ತು ಜೀವ ಇದೆ ಎಂದು ನನಗೆ ಧೈರ್ಯ. ಬಳ್ಳಾರಿಯ ಕಂಟೋನ್ಮೆಂಟ್ ಹತ್ತಿರ ಗೇರ್ ಮತ್ತೆ ಕಿರುಚಿತು. ಹಿಂದಿನಿಂದ ಮಾತು ಬರಲಿಲ್ಲ. ತಿರುಗಿ ನೋಡಲು ಹೆದರಿಕೆಯಾಯಿತು.

ಸರ್ಜನ್ ಗುಲ್ಮ ತೆಗೆದರು. ಖಾಸಿಂ ಸಾಬ್ ಉಳಿದರು. ಆಪರೇಷನ್ನಿಗೆ ಮೊದಲು ಅಂಗಿ ಬಿಚ್ಚುವಾಗ ಜೇಬಿನಲ್ಲಿ ಕನ್ನಡಕ ಸಿಕ್ಕಿತ್ತು. ನಾಲ್ಕನೆಯ ದಿನ, "ಇದನ್ನ ಯಾಕ ಹಾಕ್ಕೊಂಡಿರಲಿಲ್ಲ?" ಎಂದು ಕೇಳಿದೆ.

"ಕನ್ನಡಕದ ಡ್ರೈವರ್ ಅಂದ್ರ ಕಣ್ಣ ಹೋಗ್ಯಾವ ಅಂತಾರ್ರಿ. ಬಸ್ಸು ಯಾರ ಹತ್ತತಾರ?"

ದಾರಿ ಕಾಣಲೆಂದು ಸ್ಟಿಯರಿಂಗ್ ಚಕ್ರಕ್ಕೆ ಹೊಟ್ಟೆ ತಾಗಿಸಿ, ಮುಂದಕ್ಕೆ ಬಾಗಿ ಓಡಿಸುತ್ತಿದ್ದರಂತೆ. ಉಳಿದವರು ಸೀಟಿನಿಂದ ಬಿದ್ದರು. ಇವರಿಗೆ ಚಕ್ರದ ಪೆಟ್ಟು ಪೂರಾ ಹೊಟ್ಟೆಗೇ ಬಿದ್ದಿತ್ತು.

ಆಮೇಲೆ ಮೂವತ್ತು ವರ್ಷ ವೈದ್ಯನಾಗಿದ್ದೆ. ಅಪಘಾತದವರು ಬಂದರೆ ಮೊದಲು ಡ್ರೈವರನ್ನು ಮಲಗಿಸಿ, "ಹೆಂಗ ಕುಂತಿದ್ರಿ?" ಎಂದು ಕೇಳುತ್ತಿದ್ದೆ. ಕೂಗುವವರು ನನ್ನನ್ನು ಬೈಯುತ್ತಿದ್ದರು. ಬೈಯಲಿ ಬಿಡಿ, ಬೈಯುವಷ್ಟು ಉಸಿರಿದ್ದವರು ಹತ್ತು ನಿಮಿಷ ತಡೆದಾರು.