ಎಂಜಿನ್ನಿಗೆ ಸಿಮೆಂಟ್ ಹಾಕಿದ ಮೇಸ್ತ್ರಿ

ಮೇಸ್ತ್ರಿಗೆ ಹುಬ್ಬುಗಳೇ ಇರಲಿಲ್ಲ. ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಮೂವತ್ತು ವರ್ಷ ಕಾದ ಕಬ್ಬಿಣ ಹುಯ್ದು ಹುಯ್ದು ಸುಟ್ಟುಹೋದವು ಮತ್ತೆ ಹುಟ್ಟಲಿಲ್ಲವಂತೆ. ಹಾಗಾಗಿ ಅವರ ಮುಖ ಯಾವಾಗಲೂ ಈಗಷ್ಟೇ ಗಾಬರಿಯಾದವರ ಹಾಗೆ ಕಾಣುತ್ತಿತ್ತು. ನಿಜವಾಗಿ ಗಾಬರಿಯಾಗುತ್ತಿದ್ದವನು ನಾನು.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದವನು ನಾನು. ಓದಿದ್ದನ್ನೆಲ್ಲ ಮಾಡಿ ನೋಡುವ ಚಟ. ಮೂರು ಸಿಲಿಂಡರಿನ ನನ್ನ ಹಳೇ ಕಾರಿಗೆ, ಗುಜರಿಯಲ್ಲಿ ಸಿಕ್ಕಿದ ಡೀಸೆಲ್ ಗಾಡಿಯ ಟರ್ಬೋ ಕೂರಿಸಿದ್ದೆ. ಟರ್ಬೋ ಗಾಳಿಯನ್ನು ಒತ್ತಿ ತುಂಬುತ್ತದೆ. ಸಣ್ಣ ಎಂಜಿನ್ ಆ ಒತ್ತಡ ತಾಳುವುದಿಲ್ಲ. ಎರಡು ಸಲ ಸಿಲಿಂಡರಿನ ಗೋಡೆ ಸೀಳಿ ಬಾನೆಟ್ಟಿನಿಂದ ಆವಿ ಎದ್ದಿತು. ಆಯನೂರಿನ ಕಡೆ ನಡೆಯುವ ಮಣ್ಣಿನ ರೇಸಿಗೆ ಹೆಸರನ್ನೂ ಕೊಟ್ಟಿದ್ದೆ. ಪಕ್ಕದ ಟೈರ್ ಅಂಗಡಿಯವನು ದಿನಾ ಕೇಳುವನು: “ಏನ್ ಮಾರಾಯ, ನಿನ್ ಕುಕ್ಕರ್ ಇವತ್ತು ಎಷ್ಟ್ ಸೀಟಿ ಹೊಡೀತು?” ಮೂರನೆಯದೂ ಒಡೆದರೆ ಟರ್ಬೋ ಗುಜರಿಗೇ ವಾಪಸ್ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ.

ಮೇಸ್ತ್ರಿ ರಿಟೈರಾದ ಮೇಲೆ ಭದ್ರಾವತಿಯ ಮನೆ ಹಿಂದಿನ ಶೆಡ್ಡಿನಲ್ಲಿ, ಸಿಲಿಂಡರಿನ ಒಳಗೋಡೆ ಕೊರೆಯುವ ಬೋರಿಂಗ್ ಮೆಷಿನ್ ಇಟ್ಟುಕೊಂಡಿದ್ದರು. ಮನೆಮಾತು ತಮಿಳು. ನಾನು ಒಯ್ದ ಬ್ಲಾಕನ್ನು, ಅಂದರೆ ಎಂಜಿನ್ನಿನ ಬೀಡುಕಬ್ಬಿಣದ ಒಡಲನ್ನು, ಸ್ಪ್ಯಾನರಿನಿಂದ ತಟ್ಟಿ ಕಿವಿಯಿಟ್ಟು ಕೇಳಿದರು. ಆಮೇಲೆ ಬಕೆಟಿನಲ್ಲಿ ಸಿಮೆಂಟ್ ಕಲಸತೊಡಗಿದರು. ಕಾರ್ಖಾನೆಗಳಲ್ಲಿ ಮೆಷಿನ್ನಿನ ಬುಡ ಕೂರಿಸಲು ಸುರಿಯುತ್ತಾರಲ್ಲ, ಆ ಜಾತಿಯದು.

“ಮೇಸ್ತ್ರಿ, ಸಿಲಿಂಡರ್ ತಣ್ಣಗಿಡೋಕೆ ನೀರು ಓಡಾಡೋ ಜಾಗಕ್ಕೆ ಸಿಮೆಂಟಾ?”

“ಪೂರ್ತಿ ಇಲ್ಲ ತಂಬಿ. ಕೆಳಗೆ ಅರ್ಧ. ಬೆಂಕಿ ಮೇಲೆ ತಾನೇ ಹತ್ತೋದು? ಅಲ್ಲಿ ನೀರಿದ್ರೆ ಸಾಕು. ಕೆಳಗೆ ಸೊಂಟ ಗಟ್ಟಿ ಆಗ್ಲಿ.”

ಸಿಮೆಂಟ್ ಹಸಿಯಿರುವಾಗಲೇ ಮೂರು ತೂತಿನ ದಪ್ಪ ಪ್ಲೇಟೊಂದನ್ನು ಬ್ಲಾಕಿನ ಮೇಲಿಟ್ಟು ಬೋಲ್ಟು ಬಿಗಿದರು. ಎಂಜಿನ್ನಿಗೆ ಹೆಡ್ ಎಂಬ ಮೇಲ್ಮುಚ್ಚಳ ಕೂರಿಸಿ ಬಿಗಿದಾಗ ಸಿಲಿಂಡರುಗಳು ಕೂದಲೆಳೆಯಷ್ಟು ಸೊಟ್ಟಗಾಗುತ್ತವೆ. ಅದೇ ಬಿಗಿಯಲ್ಲಿ ಸಿಮೆಂಟ್ ಒಣಗಬೇಕು, ಅದೇ ಬಿಗಿಯಲ್ಲಿ ಬೋರ್ ಕೊರೆಯಬೇಕು, ಇದು ಅವರ ಲೆಕ್ಕ. “ಒಂದ್ ತಿಂಗ್ಳು ಮುಟ್ಬಾರ್ದು,” ಎಂದರು.

ಮೂರನೇ ವಾರ, ಸೇಲಂನಲ್ಲಿ ತಮ್ಮನಿಗೆ ಆಪರೇಷನ್ ಎಂದು ಅವರೊಬ್ಬರೇ ಹೋದರು. ರೇಸಿಗೆ ಹತ್ತು ದಿನ ಉಳಿದಿತ್ತು. ನನಗೆ ತಡೆಯಲಾಗಲಿಲ್ಲ. ಮೇಸ್ತ್ರಿಯೇ ಹೇಳಿದ್ದಾರೆ ಎಂದು ಅವರ ಹೆಂಡತಿಗೆ ಸುಳ್ಳು ಹೇಳಿ ಬ್ಲಾಕು ಎತ್ತಿಕೊಂಡು ಬಂದೆ. ಪ್ಲೇಟ್ ಬಿಚ್ಚಿ, ಶಿವಮೊಗ್ಗದಲ್ಲೇ ಬೇರೆ ಕಡೆ ಬೋರ್ ಮಾಡಿಸಿದೆ. ಸಿಲಿಂಡರಿನ ಸುತ್ತು ಸರಿಯಾಗಿ ದುಂಡಗೆ ಬರಲಿಲ್ಲವೆಂದು ಅಲ್ಲಿಯವರು ಇನ್ನಷ್ಟು ಕೊರೆದರು.

ಮೇಸ್ತ್ರಿ ಊರಿಂದ ವಾಪಸಾದವರೇ ಬಸ್ಸು ಹಿಡಿದು ನನ್ನ ಗ್ಯಾರೇಜಿಗೆ ಬಂದರು. ಸಿಲಿಂಡರಿನೊಳಗೆ ಬೆರಳಾಡಿಸಿದರು. ಗೇಜ್ ಇಟ್ಟು ಅಳೆದರು. ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆ ಎತ್ತಿ ಹೊಡೆದೇಬಿಟ್ಟರು. ಎರಡನೇ ಏಟಿಗೆ ಬ್ಲಾಕು ಒಡೆಯಿತು. ಟೈರ್ ಅಂಗಡಿಯವನು ಓಡಿಬಂದು ಬಾಗಿಲಲ್ಲೇ ನಿಂತ.

ಒಡೆದ ಚೂರನ್ನು ಮೇಸ್ತ್ರಿ ನನ್ನ ಮುಖದ ಮುಂದೆ ಹಿಡಿದರು. ಸಿಲಿಂಡರಿನ ಗೋಡೆ ಒಂದು ಕಡೆ ತೆಂಗಿನ ಚಿಪ್ಪಿನಷ್ಟು ದಪ್ಪ, ಇನ್ನೊಂದು ಕಡೆ ಹಪ್ಪಳ.

“ಇದ್ರಲ್ಲಿ ನೀನ್ ತಾನೇ ಕೂತ್ಕೊಂಡು ಹೋಗೋದು? ಓಡ್ತಾ ಓಡ್ತಾ ಎಂಜಿನ್ ಜಾಮಾದ್ರೆ ಚಕ್ರ ಹಿಡ್ಕೊಳುತ್ತೆ. ಗಾಡಿ ಪಲ್ಟಿ.”

“ಹೇಳಿದ್ರೆ ಸಾಕಿತ್ತಲ್ಲ ಮೇಸ್ತ್ರಿ. ಒಡೀಲೇಬೇಕಿತ್ತಾ?”

“ಫೌಂಡ್ರೀಲಿ ಕೆಟ್ಟ ಮಾಲು ಹುಯ್ದೋನೇ ಒಡೀಬೇಕು, ಅವತ್ತೇ ಒಡೀಬೇಕು. ಒಂದ್ಸಲ ನಾಳೆ ನೋಡೋಣ ಅಂತ ಬಿಟ್ಟೆ. ಬೇರೆ ಪಾಳಿಯೋರು ಗೊತ್ತಿಲ್ದೆ ಅದನ್ನೇ ಮೆಷಿನ್ನಿಗೆ ಹಾಕ್ಬಿಟ್ರು. ಅದು ಸಿಡಿದು ನನ್ ಜೊತೆಗಾರನ ಕೈ ಹೋಯ್ತು ತಂಬಿ.” ಅಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ರೇಸು ತಪ್ಪಿತು. ಹದಿನೈದು ದಿನ ನಾನು ಅತ್ತ ಸುಳಿಯಲಿಲ್ಲ. ಮೂರನೆಯದನ್ನು ಒಡೆದದ್ದು ಟರ್ಬೋ ಅಲ್ಲ, ಮೇಸ್ತ್ರಿ ಎಂದು ಹೆಂಡತಿಯ ಹತ್ತಿರ ವಾದ ಮಾಡಿ, ನಾಚಿಕೆ ನುಂಗಿ, ಇನ್ನೊಂದು ಬ್ಲಾಕು ಹೊತ್ತು ಹೋದೆ. ಅವರು ಬೈಯಲಿಲ್ಲ. ಸಿಮೆಂಟ್ ಸುರಿದು ಪ್ಲೇಟ್ ಬಿಗಿದರು. “ಈ ಸಲ ಬೋರಿಂಗ್ ನೀನೇ ಮಾಡು. ನಾನು ಕೂತ್ಕೊಂಡು ನೋಡ್ತೀನಿ.”

ಐದನೇ ದಿನ ಬೆಳಿಗ್ಗೆ ಅವರ ಹೆಂಡತಿ ಎದುರುಮನೆಯಿಂದ ಫೋನ್ ಮಾಡಿದರು. “ಮೇಸ್ತ್ರಿ ಹೋಗ್ಬಿಟ್ರು ತಂಬಿ.” ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದಿದ್ದರಂತೆ.

“ಯಾವ ಮೇಸ್ತ್ರಿ?” ಎಂದು ಕೇಳಿದೆ ನಾನು.

ಹದಿನಾರನೇ ದಿನದ ತಿಥಿ ಊಟಕ್ಕೆ ಹೋದಾಗ ಬ್ಲಾಕು ಶೆಡ್ಡಿನಲ್ಲೇ ಇತ್ತು. “ಬೇಕಾದ್ರೆ ತಗೊಂಡ್ಹೋಗಪ್ಪಾ, ಇನ್ನು ಕೇಳೋರ್ಯಾರು?” ಎಂದರು ಮೇಸ್ತ್ರಿಯ ಹೆಂಡತಿ.

“ತಿಂಗ್ಳಿಗೆ ಇನ್ನೂ ಹತ್ತು ದಿನ ಇದೆ ಅಮ್ಮಾ.”

ಕಾದೆ. ಹನ್ನೊಂದನೇ ದಿನ ಅವರ ಮೆಷಿನ್ನಿನಲ್ಲೇ, ಪ್ಲೇಟ್ ಬಿಗಿದಂತೆಯೇ, ಮೂರೂ ಬೋರ್ ಕೊರೆದೆ. ಅಮ್ಮ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಿದರು. ಅಳೆದರೆ ಮೇಲಿಂದ ಕೆಳಗಿನವರೆಗೂ ಒಂದೇ ಸುತ್ತು. ನನ್ನ ಕೈಯ ಕೆಲಸ ನನಗೇ ನಂಬಿಕೆಯಾಗದೆ ಮತ್ತೆ ಅಳೆದೆ.

ಮುಂದಿನ ವರ್ಷದ ರೇಸಿನಲ್ಲಿ ನಾಲ್ಕನೆಯವನಾಗಿ ಬಂದೆ. ಎಂಜಿನ್ ಒಡೆಯಲಿಲ್ಲ. ಸಂಜೆ ನನ್ನ ಕಾಲ ಮೇಲೆ ನಾನೇ ನಡೆದು ಮನೆಯೊಳಗೆ ಹೋದೆ. ಆ ಋಣ ಮೇಸ್ತ್ರಿಯದು.