ಎದುರಾಳಿ ತಂದ ಬಾಯಾರಿಕೆ

ವಡೋದರಾದ ಹೊರಗೆ ನಡೆದ ದೂರದೋಟದ ಕುದುರೆ ಸ್ಪರ್ಧೆಗೆ ಊಟ ನಮ್ಮ ಉಡುಪಿ ಹೋಟೆಲಿನದು. ಉರಿಬಿಸಿಲು. ಹೇತಲ್‌ಬೆನ್ ಎಂಬ ಸ್ಪರ್ಧಿಯ ಕುದುರೆ ನಡುದಾರಿಯ ತಂಗುದಾಣಕ್ಕೆ ಬೆವರಿ ತೊಯ್ದು ಬಂತು. ಮೈಮೇಲೆ ನೀರೆರೆದರೂ, ಉಪ್ಪುಬೆಲ್ಲ ಕಲಸಿಕೊಟ್ಟರೂ ಅಲ್ಲಿದ್ದ ನೀರಿನ ತೊಟ್ಟಿಗೆ ಮೂತಿಯಿಡಲಿಲ್ಲ.

"ಕುಡಿಯದಿದ್ದರೆ ಮುಂದಕ್ಕೆ ಬಿಡಲ್ಲ," ಅಂದರು ಕುದುರೆಗಳನ್ನು ತಪಾಸಣೆ ಮಾಡುತ್ತಿದ್ದ ಡಾಕ್ಟರು. ಹೇತಲ್‌ಬೆನ್ ಕಣ್ಣು ತುಂಬಿತು.

ಆಗಲೇ ಹೊರಟಿದ್ದ ಎದುರಾಳಿ ಭರತ್‌ಭಾಯ್ ತಮ್ಮ ಕುದುರೆಯನ್ನು ಹಿಂದಕ್ಕೆ ತಿರುಗಿಸಿ ಅದೇ ತೊಟ್ಟಿಗೆ ತಂದರು. ಅದು ಸೊರ್ರನೆ ಹೀರತೊಡಗಿತು. ಹೇತಲ್‌ಬೆನ್ ಕುದುರೆ ಕಿವಿ ನಿಮಿರಿಸಿ, ಪಕ್ಕದಲ್ಲೇ ಮೂತಿ ಅದ್ದಿತು. ಉದ್ದನೆಯ ಗಂಟಲಲ್ಲಿ ಗುಟುಕುಗಳು ಏರುವುದನ್ನು ಉಸಿರು ಬಿಗಿಹಿಡಿದು ನೋಡಿದೆ.

"ನೀವೇ ಗೆಲ್ತಿದ್ರಲ್ಲ?" ಎಂದೆ.

"ಒಂಟಿಯಾಗಿ ಕುಡಿಯೋಕೆ ಅವರ ಕುದುರೆಗೆ ಹೆದರಿಕೆ, ಭಾಯ್."

ಪಕ್ಕದವರ ದೋಸೆ ನೋಡಿಯೇ ಹಸಿವಾಗುವ ಗಿರಾಕಿಗಳು ನಮ್ಮಲ್ಲೂ ಇದ್ದಾರೆ. ಎದುರು ಹೋಟೆಲಿನವನು ಮಾತ್ರ ಈವರೆಗೆ ತನ್ನ ಗಿರಾಕಿಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿಲ್ಲ.